ಮೋಟಾರು ಕೂಗುತ್ತದೆ, ದೋಣಿ ಓಡುವುದಿಲ್ಲ: 9.9 ಎಚ್‌ಪಿ ಹಳೆಯ ಔಟ್‌ಬೋರ್ಡ್‌ನೊಂದಿಗೆ 12 ವರ್ಷ

ಅಘನಾಶಿನಿ ಅಳಿವೆಯಲ್ಲಿ ಓಡಾಡುವ ನಮ್ಮ ನಾಡದೋಣಿಗೆ ಈ ಸೀಮೆಎಣ್ಣೆ ಔಟ್‌ಬೋರ್ಡನ್ನು, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಮೋಟಾರನ್ನು, ತಂದಾಗಲೇ ಅದು ಇನ್ನೊಬ್ಬರ ಕೈಯಲ್ಲಿ ಆರು ಮಳೆಗಾಲ ದುಡಿದಿತ್ತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ 9.9 ಎಚ್‌ಪಿಯನ್ನೇ ಆರಿಸಿಕೊಂಡೆವು. ದೊಡ್ಡ ಬೋಟುಗಳು ದಡದಲ್ಲಿರುವ ಆ ಎರಡು ತಿಂಗಳೇ ನಮ್ಮ ಸಂಪಾದನೆಯ ಕಾಲ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳುವ ತೊಂದರೆ ವಯಸ್ಸಾದ ಯಾವ ಔಟ್‌ಬೋರ್ಡಿಗೂ ಬರಬಹುದು.

ಮೋಟಾರಿನ ಬಗ್ಗೆ ದೂರು ಕಡಿಮೆ. ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದರೆ ಮರುದಿನ ಎರಡನೆಯ ಎಳೆತಕ್ಕೇ ಹತ್ತಿಕೊಳ್ಳುತ್ತದೆ. ಹೊಗೆ, ಸದ್ದು ಎರಡೂ ಹೆಚ್ಚು, ಅದಕ್ಕೆ ಮದ್ದಿಲ್ಲ.

ತೊಂದರೆ ಶುರುವಾದದ್ದು ಒಂಬತ್ತನೆಯ ವರ್ಷದ ಜುಲೈನಲ್ಲಿ. ನಿಧಾನವಾಗಿ ಹೋಗುವಾಗ ಎಲ್ಲವೂ ಸರಿ. ಅಳಿವೆಯ ಬಾಯಲ್ಲಿ ಅಲೆಗೆ ಎದುರಾಗಿ ವೇಗದ ಹಿಡಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಿದರೆ ಮೋಟಾರು ಒಮ್ಮೆಲೇ ಗಂಟಲು ಹರಿಯುವಂತೆ ಕೂಗುತ್ತಿತ್ತು, ದೋಣಿ ಮಾತ್ರ ಕಾಲು ಸೋತವನಂತೆ ನಿಂತುಬಿಡುತ್ತಿತ್ತು. ಹಿಡಿಕೆಯನ್ನು ಹಿಂದಕ್ಕೆ ತಂದರೆ ಮತ್ತೆ ಎಳೆತ ಸಿಗುತ್ತಿತ್ತು. ಅಳಿವೆಯಲ್ಲಿ ಎಳೆತ ತಪ್ಪಿ ದೋಣಿ ಅಲೆಗೆ ಅಡ್ಡವಾದರೆ ಏನಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಎರಡು ದಿನ ಬಲೆಯನ್ನು ದಡದಲ್ಲೇ ಇಟ್ಟೆವು.

ಮೊದಲು ತೋರಿಸಿದ ಮೆಕ್ಯಾನಿಕ್ ನೀರಿಗಿಳಿಸಿ ನೋಡದೆಯೇ ಗೇರಿನ ಕ್ಲಚ್ ಹೋಗಿದೆ ಎಂದು ತೀರ್ಮಾನಿಸಿ ಕೆಳಭಾಗವನ್ನೆಲ್ಲ ಬಿಚ್ಚಿದ. ಒಳಗೆ ಹಲ್ಲುಗಳು ಚೆನ್ನಾಗಿಯೇ ಇದ್ದವು. ಆಯಿಲ್ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಅಂದರೆ ನೀರೂ ಸೇರಿರಲಿಲ್ಲ. ಬಿಚ್ಚಿದ ಕೂಲಿ, ಹೊಸ ಸೀಲು, ಹೊಸ ಆಯಿಲ್ ಎಂದು ಹಣ ಕೊಟ್ಟು ತಂದ ಮೋಟಾರು ಮೊದಲ ಅಲೆಯಲ್ಲೇ ಮತ್ತೆ ಕೂಗಿತು.

ಆಮೇಲೆ ನಾನೇ ಕುಳಿತು ಯೋಚಿಸಿದೆ. ಇಂಧನ ಸಾಲದಿದ್ದರೆ ಅಥವಾ ಪ್ಲಗ್ ಕೆಟ್ಟಿದ್ದರೆ ಮೋಟಾರಿನ ವೇಗವೂ ದೋಣಿಯ ವೇಗವೂ ಒಟ್ಟಿಗೆ ಇಳಿಯುತ್ತವೆ. ಇಲ್ಲಿ ಒಂದು ಏರಿ ಇನ್ನೊಂದು ಇಳಿಯುತ್ತಿತ್ತು, ಹಾಗಾಗಿ ಕಾರ್ಬೊರೇಟರನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಕ್ಲಚ್ಚಿನ ಹಲ್ಲು ಸವೆದು ಗೇರು ಜಾರುವುದಾದರೆ ಕಟಕಟ ಎಂಬ ಹೊಡೆತ ಕೈಗೆ ತಿಳಿಯುತ್ತದೆ, ನಮ್ಮದು ಮಾತ್ರ ಸದ್ದಿಲ್ಲದೆ ನುಣ್ಣಗೆ ಜಾರುತ್ತಿತ್ತು, ಅದೂ ಹಿಂದಕ್ಕೆ ಓಡಿಸಿದಾಗಲೂ. ಪ್ರೊಪೆಲ್ಲರು ಗಾಳಿ ಎಳೆದುಕೊಂಡರೂ ಹೀಗೇ ಕೂಗುತ್ತದೆ, ಆದರೆ ಅದು ಮೋಟಾರನ್ನು ತೀರ ಎತ್ತರದಲ್ಲಿ ಕಟ್ಟಿದಾಗ ಅಥವಾ ಭಾರವೆಲ್ಲ ಮುಂದೆ ಬಿದ್ದು ಹಿಂಭಾಗ ಎದ್ದಾಗ ಆಗುವಂಥದ್ದು. ಉಳಿದದ್ದು ಒಂದೇ, ಪ್ರೊಪೆಲ್ಲರಿನೊಳಗಿನ ರಬ್ಬರ್ ಬುಷ್.

ನಮ್ಮ ಮೋಟಾರಿನಲ್ಲಿ ಶಾಫ್ಟಿನ ಗೀರುಗಳಿಗೆ ಕೂರುವ ಒಳಗಿನ ಲೋಹದ ಕೊಳವೆಗೂ ರೆಕ್ಕೆಗಳಿರುವ ಹೊರಭಾಗಕ್ಕೂ ನಡುವೆ ಒತ್ತಿ ಕೂರಿಸಿದ ರಬ್ಬರ್ ಇದೆ. ಕಲ್ಲಿಗೋ ಮರಳದಿಬ್ಬಕ್ಕೋ ರೆಕ್ಕೆ ಬಡಿದಾಗ ಆ ಹೊಡೆತ ಗೇರಿಗೆ ತಲುಪದಿರಲೆಂದೇ ಅದನ್ನು ಇಟ್ಟಿರುತ್ತಾರೆ. ವಯಸ್ಸಾಗಿ ಗಟ್ಟಿಯಾದ ರಬ್ಬರ್, ಹಿಂದಿನ ವರ್ಷ ದಿಬ್ಬಕ್ಕೆ ತಾಗಿದ ಹೊಡೆತದಲ್ಲಿ ಹಿಡಿತ ಸಡಿಲಿಸಿರಬೇಕು. ಹಗುರ ಹೊರೆಗೆ ಹಿಡಿದುಕೊಂಡು, ಹೆಚ್ಚಿನ ಹೊರೆಗೆ ಜಾರುತ್ತಿತ್ತು. ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಪಿನ್ನು ಇರುವ ಮಾದರಿಗಳಲ್ಲಿ ಪಿನ್ನು ತುಂಡಾದರೆ ಎಳೆತ ಪೂರ್ತಿ ಹೋಗುತ್ತದೆ, ಹೀಗೆ ಬಂದು ಹೋಗಿ ಆಟವಾಡುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ಬಿಳಿ ಬಣ್ಣ. ಪ್ರೊಪೆಲ್ಲರಿನ ಹಿಂಬದಿಯಿಂದ ಕಾಣುವ ಒಳಕೊಳವೆಯಿಂದ ಹೊರಭಾಗದವರೆಗೆ ರಬ್ಬರನ್ನು ದಾಟುವಂತೆ ನೇರ ಗೆರೆ ಎಳೆದು, ಒಣಗಿದ ಮೇಲೆ ದೋಣಿಯನ್ನು ಧಕ್ಕೆಗೆ ಗಟ್ಟಿ ಹಗ್ಗದಲ್ಲಿ ಕಟ್ಟಿ, ಹಿಡಿಕೆಯನ್ನು ತಿರುಗಿಸಿ ಮೋಟಾರು ಕೂಗುವವರೆಗೆ ಓಡಿಸಿದೆವು. ನಿಲ್ಲಿಸಿ, ಎತ್ತಿ ನೋಡಿದರೆ ಒಳಗಿನ ಗೆರೆ ಒಂದು ಕಡೆ, ಹೊರಗಿನ ಗೆರೆ ಇನ್ನೊಂದು ಕಡೆ. ಎರಡು ದಿನದ ಮೀನು, ಗೇರು ಬಿಚ್ಚಿದ ಹಣ ಎಲ್ಲವೂ ಆ ಗೆರೆಗಳ ನಡುವೆ ಹೋಗಿದ್ದವು.

ಲೇತಿನ ಅಂಗಡಿಯಲ್ಲಿ ಹಳೆಯ ರಬ್ಬರನ್ನು ಹೊರದಬ್ಬಿಸಿ, ಪ್ರೆಸ್ಸಿನಲ್ಲಿ ಹೊಸ ಬುಷ್ ಕೂರಿಸಿಕೊಂಡು ಬಂದೆ. ಬೆಲೆ ಹೊಸ ಪ್ರೊಪೆಲ್ಲರಿನ ಕಾಲುಭಾಗವೂ ಆಗಲಿಲ್ಲ. ರೆಕ್ಕೆಗಳು ಬಾಗಿದ್ದರೆ ಅಥವಾ ತುಂಡಾಗಿದ್ದರೆ ಮಾತ್ರ ಹೊಸದೇ ವಾಸಿ. ಬಿಚ್ಚಿದಾಗ ಶಾಫ್ಟಿಗೆ ಸುತ್ತಿಕೊಂಡಿದ್ದ ನೈಲಾನ್ ಬಲೆಯ ಎಳೆಗಳನ್ನೂ ಕಿತ್ತು, ಗೀರುಗಳಿಗೆ ಗ್ರೀಸ್ ಹಚ್ಚಿದೆ. ಗೇರಿಗೆ ನೀರು ನುಗ್ಗದಂತೆ ತಡೆಯುವ ಸೀಲನ್ನು ಎಳೆ ಕತ್ತರಿಸಿದರೆ ಮುಂದಿನ ಖರ್ಚು ಗೇರಿನದ್ದೇ.

ಆ ಬುಷ್ ಮೂರು ಮಳೆಗಾಲ ದಾಟಿದೆ. ಪ್ರತಿ ಮೇ ತಿಂಗಳಲ್ಲಿ ಬಿಳಿ ಗೆರೆಯನ್ನು ಹೊಸದಾಗಿ ಎಳೆಯುತ್ತೇವೆ. ಎರಡನೆಯ ಕೈ ಮೋಟಾರು ಕೊಳ್ಳುವವರು ಡ್ರಮ್ಮಿನ ನೀರಿನಲ್ಲಿ ಓಡಿಸಿ ತೋರಿಸಿದ್ದನ್ನು ನಂಬಬೇಡಿ, ಅಲ್ಲಿ ಈ ದೋಷ ಕಾಣುವಷ್ಟು ಹೊರೆ ಬೀಳುವುದಿಲ್ಲ. ಧಕ್ಕೆಗೆ ಕಟ್ಟಿ ಓಡಿಸಲು ಮಾರುವವರು ಒಪ್ಪದಿದ್ದರೆ ಬೆಲೆ ಇಳಿಸಿ ಕೇಳಿ. ನಮ್ಮ ಮೋಟಾರಿಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಹೊಗೆಗೆ, ಬುಷ್ಷಿಗಲ್ಲ.