ಗೆಳತಿಗೋಸ್ಕರ 14416ಕ್ಕೆ ಫೋನ್ ಮಾಡಿದೆ

ನನ್ನ ರೂಮ್‌ಮೇಟ್ ಎಲ್ಲಿಗೆ ಹೋದರೂ ಒಂದು ಫೋಟೋ ತೆಗೆದು ಅವಳ ಬಾಯ್‌ಫ್ರೆಂಡ್‌ಗೆ ಕಳಿಸಬೇಕು. ಮಸಾಲೆಪುರಿ ತಿನ್ನೋಕೆ ಹೋದರೂ ಅಷ್ಟೇ. ಪಕ್ಕದಲ್ಲಿ ಯಾರಿದ್ದಾರೆ ಅಂತ ಅವನಿಗೆ ಕಾಣಬೇಕು. ಲೊಕೇಶನ್ ಯಾವಾಗಲೂ ಆನ್ ಇರಬೇಕು. ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಕೂಡ ಅವನ ಹತ್ತಿರ ಇದೆ. ಕೇಳಿದರೆ, "ಸ್ವಲ್ಪ ಪೊಸೆಸಿವ್ ಕಣೇ, ಅಷ್ಟೇ" ಅನ್ನುತ್ತಾಳೆ.

ಮೈಸೂರಿನ ಸರಸ್ವತಿಪುರಂನ ಒಂದು ಪಿ.ಜಿ.ಯಲ್ಲಿ ನಾವು ನಾಲ್ಕು ಜನ ಒಂದೇ ರೂಮಿನಲ್ಲಿದ್ದೇವೆ. ಉಳಿದ ಮೂವರೂ ಅವಳಿಗೆ ಹೇಳಿದ್ದು ಒಂದೇ ಮಾತು. "ಟಾಕ್ಸಿಕ್ ಕಣೇ ಅವನು, ಬ್ಲಾಕ್ ಮಾಡು." ರಾತ್ರಿ ಊಟ ಆದಮೇಲೆ ಟೆರೇಸಿನಲ್ಲಿ ಕೂತು ಅವನ ಮೆಸೇಜುಗಳ ಸ್ಕ್ರೀನ್‌ಶಾಟ್ ನೋಡಿ ಹೀಗೆ ತೀರ್ಪು ಕೊಡುತ್ತಿದ್ದೆವು. ಅವಳು ಅಳುತ್ತಿದ್ದಳು, ಬ್ಲಾಕ್ ಮಾಡುತ್ತಿದ್ದಳು, ಮೂರನೇ ದಿನಕ್ಕೆ ಅನ್‌ಬ್ಲಾಕ್ ಮಾಡುತ್ತಿದ್ದಳು. ಬರಬರುತ್ತಾ ಸ್ಕ್ರೀನ್‌ಶಾಟ್ ತೋರಿಸುವುದನ್ನೇ ಬಿಟ್ಟಳು. ಅವನ ಫೋನ್ ಬಂದರೆ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಮಾತಾಡೋಕೆ ಶುರು ಮಾಡಿದಳು. ಆ ನೀರಿನ ಸದ್ದು ಕೇಳಿದಾಗ ನನಗೆ ನಿಜವಾಗಿ ಭಯ ಆಯಿತು. ಅವನಿಗೆ ಹೆದರಿ ಎಲ್ಲವನ್ನೂ ಹೇಳುತ್ತಾಳೆ, ನಮಗೆ ಹೆದರಿ ಎಲ್ಲವನ್ನೂ ಮುಚ್ಚಿಡುತ್ತಾಳೆ. ಹಾಗಾದರೆ ಅವಳಿಗೆ ಅಂತ ಉಳಿದವರು ಯಾರು?

ಆಗ ನಾನು ಟೆಲಿ-ಮಾನಸ್‌ಗೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶನ ಮಾಡುವ ಮುಖ್ಯ ಸಂಸ್ಥೆ. ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ತೀರಾ ಕಷ್ಟದಲ್ಲಿರುವವರು ತಮಗೋಸ್ಕರ ಮಾಡುವ ಫೋನ್ ಇದು ಅಂದುಕೊಂಡಿದ್ದೆ. ಗೆಳತಿಯ ವಿಷಯ ಕೇಳಬಹುದೋ ಇಲ್ಲವೋ ಅನ್ನುವ ಅನುಮಾನದಲ್ಲೇ ಎರಡು ವಾರ ಕಳೆದೆ. ಕೇಳಬಹುದು.

ಪಿ.ಜಿ.ಯಲ್ಲಿ ಒಬ್ಬಳೇ ಮಾತಾಡೋಕೆ ಜಾಗ ಇಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದು ಕಲ್ಲುಬೆಂಚಿನ ಮೇಲೆ ಕೂತು ನಂಬರ್ ಒತ್ತಿದೆ. ಮೊದಲು ಭಾಷೆ ಆರಿಸಿಕೊಳ್ಳಬೇಕು. ಕನ್ನಡ ಒತ್ತಿದೆ. ಒಬ್ಬರು ಹೆಂಗಸು ಮಾತಾಡಿದರು. ನಾನು ಒಂದೇ ಉಸಿರಿಗೆ ಅವನು ಹೀಗೆ, ಅವನು ಹಾಗೆ ಅಂತ ಹೇಳುತ್ತಾ ಹೋದೆ. ಎಲ್ಲ ಕೇಳಿಸಿಕೊಂಡು ಅವರು ಮೊದಲು ವಿಚಾರಿಸಿದ್ದು, ಇಷ್ಟು ದಿನದಿಂದ ನೀವು ಸರಿಯಾಗಿ ನಿದ್ದೆ ಮಾಡುತ್ತಿದ್ದೀರಾ ಅಂತ. ನನಗೆ ಅಲ್ಲೇ ಅಳು ಬಂತು. ಅವರು ಕಾದರು. ಅವಸರ ಮಾಡಲಿಲ್ಲ.

ಆಮೇಲೆ ಕೆಲವು ವಿಷಯ ನೇರವಾಗಿ ಕೇಳಿದರು. ಕೈ ಮಾಡಿದ್ದಾನಾ? ಬಿಟ್ಟುಹೋದರೆ ಸತ್ತುಹೋಗುತ್ತೀನಿ ಅಂತ ಹೆದರಿಸಿದ್ದಾನಾ? ಅವಳೇ ಯಾವತ್ತಾದರೂ ಸಾಯುವ ಮಾತಾಡಿದ್ದಾಳಾ? ನಾಲ್ಕು ತಿಂಗಳು ದಿನಾ ರಾತ್ರಿ ಮಾತಾಡಿದ ನಾವು ಇದರಲ್ಲಿ ಒಂದನ್ನೂ ಅವಳನ್ನು ಕೇಳಿರಲಿಲ್ಲ. ಅವಳ ಹೆಸರು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಅವರು ಹೇಳಿದ ಒಂದು ಮಾತು ಇನ್ನೂ ತಲೆಯಲ್ಲಿದೆ. ಅವನು ಎಂಥವನು ಅನ್ನುವ ಚರ್ಚೆಗೆ ಇಳಿದರೆ ಅವಳು ಅವನ ಪರ ವಹಿಸಲೇಬೇಕಾಗುತ್ತದೆ. ಅವನ ವಿಷಯ ಬಿಟ್ಟು ಅವಳ ವಿಷಯ ಕೇಳಿ. ಅವನು ಬೇಕೋ, ನಾವು ಬೇಕೋ ಅನ್ನುವ ಹಾಗೆ ಮಾತ್ರ ಮಾಡಬೇಡಿ. ಇಷ್ಟು ಹೇಳಿ, ಅವಳಿಗೇ ಮಾತಾಡಬೇಕು ಅನ್ನಿಸಿದರೆ ಯಾವ ಹೊತ್ತಿನಲ್ಲಾದರೂ ಮಾಡಬಹುದು ಅಂದರು.

ಆ ಭಾನುವಾರ ಅವಳನ್ನು ಕೆರೆ ಸುತ್ತೋಕೆ ಕರೆದುಕೊಂಡು ಹೋದೆ. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ಬರುತ್ತದೆ, ಅಲ್ವಾ? ಪೆಲಿಕನ್ ಹಕ್ಕಿಗಳು ಕೂರುವ ಮರದ ಹತ್ತಿರ ಕೇಳಿದೆ: "ಅವನ ಜೊತೆ ಮಾತಾಡಿ ಫೋನ್ ಇಟ್ಟಮೇಲೆ ನಿನಗೆ ಹೇಗನ್ನಿಸುತ್ತೆ?" ತುಂಬಾ ಹೊತ್ತು ಸುಮ್ನೆ ನಡೆದಳು. ಆಮೇಲೆ, "ಪರೀಕ್ಷೆ ಬರೆದು ಬಂದ ಹಾಗೆ ಕಣೇ. ಪಾಸೋ ಫೇಲೋ ಗೊತ್ತಾಗಲ್ಲ" ಅಂದಳು.

ಅವಳ ಅಪ್ಪನಿಗೆ ಆಪರೇಷನ್ ಆದಾಗ ಅವನು ಎರಡು ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದನಂತೆ. ಅದನ್ನೂ ಅವತ್ತೇ ಹೇಳಿದ್ದು. ಅವನ ಬಗ್ಗೆ ಒಂದು ಒಳ್ಳೆಯ ಮಾತಾಡೋಕೂ ನಾವು ಬಿಟ್ಟಿರಲಿಲ್ಲ. ಆ ಎರಡು ರಾತ್ರಿಗಳ ಋಣ ಅವಳ ಮೇಲಿದೆ. ಅದು ಗೊತ್ತಿಲ್ಲದೆ "ಬಿಟ್ಟುಬಿಡು" ಅನ್ನುವುದು ಎಷ್ಟು ಸುಲಭ!

ಸೇವೆಯ ವಿಷಯದಲ್ಲಿ ಒಂದು ತಿಳಿದಿರಲಿ. ಇದು ಪೊಲೀಸ್ ಅಲ್ಲ. ಹೊಡೆತ, ಬೆದರಿಕೆ ಇದ್ದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181 ಕೂಡ ಇದೆ. ಇನ್ನೊಂದು ವಿಷಯ ನಾನೇ ಓದಿ ತಿಳಿದುಕೊಂಡೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸಿ ಕಾಡುವುದರ ಬಗ್ಗೆ ಇದೆ. ಒಬ್ಬ ಗಂಡಸು ಹೆಣ್ಣಿನ ಇಂಟರ್ನೆಟ್, ಇ-ಮೇಲ್ ಬಳಕೆ ಮೇಲೆ ಕಣ್ಣಿಡುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಒಪ್ಪಿಗೆಯಿಂದಲೇ ತೆಗೆದ ಖಾಸಗಿ ಫೋಟೋ ಆದರೂ, ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಕಳಿಸಿದರೆ ಅಪರಾಧ ಅಂತ 77ನೇ ಕಲಂ ಹೇಳುತ್ತದೆ. ನಾವು "ಪೊಸೆಸಿವ್" ಅಂತ ಮುದ್ದಾಗಿ ಕರೆಯುವುದರಲ್ಲಿ ಎಷ್ಟೊಂದು ಇದೆ ನೋಡಿ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಕೇಳಿದ ದಿನ ಹೇಳುತ್ತೇನೆ.

ನಿಮ್ಮ ಗೆಳತಿಯ ಫೋನನ್ನು ಅವನು ತೆಗೆದು ನೋಡುತ್ತಾನೆ ಅಂತಾದರೆ, ಆ ಫೋನಿನಿಂದ ಯಾವ ಸಹಾಯವಾಣಿಗೂ ಮಾಡಿಸಬೇಡಿ. ಕಾಲ್ ಲಿಸ್ಟಿನಲ್ಲಿ ನಂಬರ್ ಉಳಿಯುತ್ತದೆ. ನಿಮ್ಮ ಫೋನ್ ಕೊಡಿ.

ಅವಳು ಅವನನ್ನು ಬಿಟ್ಟಿಲ್ಲ. ಆದರೆ ನಲ್ಲಿ ಸದ್ದು ಕಡಿಮೆಯಾಗಿದೆ. ಕಳೆದ ಭಾನುವಾರ ಕೆರೆ ಏರಿಯ ಮೇಲೆ ತಾನಾಗಿಯೇ ನಿಂತು, "ಅವತ್ತು ನೀನು ಮಾತಾಡಿದೆಯಲ್ಲ, ಆ ನಂಬರ್ ಹಾಕಿ ಕೊಡು" ಅಂದಳು. ಅವಳ ಫೋನ್ ರೂಮಿನಲ್ಲೇ ಇತ್ತು. ಲೊಕೇಶನ್ ಪಿ.ಜಿ.ಯನ್ನೇ ತೋರಿಸುತ್ತಿರಲಿ ಅಂತ ಬೇಕೆಂದೇ ಬಿಟ್ಟು ಬಂದಿದ್ದಳು. ನಂಬರ್ ಒತ್ತಿ ಕೊಟ್ಟು, ನಾನು ಸ್ವಲ್ಪ ದೂರ ಹೋಗಿ ಕೂತೆ. ಇಪ್ಪತ್ತು ನಿಮಿಷ ಮಾತಾಡಿದಳು. ಫೋನ್ ವಾಪಸ್ ಕೊಡುವಾಗ ಕಣ್ಣು ಕೆಂಪಾಗಿತ್ತು. "ಹಸಿವಾಗ್ತಿದೆ, ದೋಸೆ ತಿನ್ನೋಣ ಬಾ" ಅಂದಳು. ಏನು ಮಾತಾಡಿದೆ ಅಂತ ನಾನು ಕೇಳಲಿಲ್ಲ.