10 ಸೆಕೆಂಡಿನ ಕೆಂಪು ಸಿಲಿಂಡರ್

ಎರಡು ವರ್ಷ ಮೂಲೆಯಲ್ಲಿ ಸುಮ್ನೆ ನಿಂತಿದ್ದ ನಮ್ಮ 2 ಕೆಜಿ ಎಬಿಸಿ ಪೌಡರ್ (ಹಲವು ಬಗೆಯ ಬೆಂಕಿ ಆರಿಸುವ ಪುಡಿ) ಸಿಲಿಂಡರಿಗೆ ಹೋದ ತಿಂಗಳು ಕೆಲಸ ಬಿತ್ತು. ಎಕ್ಸ್‌ಟೆನ್ಷನ್ ಬೋರ್ಡ್ ಹೊತ್ತಿಕೊಂಡು ಕಿಟಕಿ ಪರದೆಗೆ ಬೆಂಕಿ ಹತ್ತಿತ್ತು.

ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆ. ಪಿನ್ ಎಳೆದರೆ ಬರಲೇ ಇಲ್ಲ! ಹಿಡಿಯನ್ನು ಅದುಮಿಕೊಂಡೇ ಎಳೆಯುತ್ತಿದ್ದೆ, ಅದಕ್ಕೇ ಸಿಕ್ಕಿಕೊಂಡಿತ್ತು. ಕೈ ಸಡಿಲಿಸಿದ ಮೇಲೆ ಬಂತು. ಗಾಬರಿಯಲ್ಲಿ ಜ್ವಾಲೆಯ ತುದಿಗೆ ಹೊಡೆದೆ, ಅರ್ಧ ಪುಡಿ ದಂಡ. ಒಟ್ಟು ಸಿಗುವುದೇ 10 ಸೆಕೆಂಡಿನ ಆಸುಪಾಸು ಅಲ್ವಾ? ಬುಡಕ್ಕೆ ಹಿಡಿದು ಅತ್ತಿತ್ತ ಆಡಿಸಿದ ಕೂಡಲೇ ಬೆಂಕಿ ಆರಿತು.

ಪುಡಿಯಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ಉರಿಯನ್ನು ಮುಂದುವರಿಸುವ ರಾಸಾಯನಿಕ ಸರಪಳಿಯನ್ನೇ ಅದು ತುಂಡು ಮಾಡುತ್ತದೆ. ಬಿಸಿಗೆ ಕರಗಿ ಬಟ್ಟೆ, ಮರದ ಮೇಲೆ ಪದರವಾಗಿ ಕೂತು ಗಾಳಿಯನ್ನೂ ತಡೆಯುತ್ತದೆ. ತಂಪು ಮಾಡುವುದು ಮಾತ್ರ ಕಡಿಮೆ. ಮತ್ತೆ ಹೊತ್ತಿಕೊಳ್ಳಬಹುದೆಂದು ಅಲ್ಲೇ ಕಾದು ಕೂತೆ.

ಬೇಜಾರು ಶುರುವಾಗಿದ್ದು ಆಮೇಲೆ. ಮುಚ್ಚಿದ್ದ ಕಪಾಟಿನೊಳಗೂ ಪುಡಿ ಹೋಗಿತ್ತು. ತೇವ ತಗುಲಿದರೆ ಲೋಹವನ್ನು ತಿನ್ನುತ್ತದೆ, ಹಾಗಾಗಿ ಕಂಪ್ಯೂಟರ್ ಬಿಚ್ಚಿಸಿ ಒರೆಸಿದ್ದಾಯಿತು. ಅಂಥ ಕೋಣೆಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೇ ವಾಸಿ. ಇನ್ನೊಂದು, ಸ್ವಲ್ಪ ಬಳಸಿದರೂ ಮತ್ತೆ ತುಂಬಿಸಲೇಬೇಕು. ವಾಲ್ವ್‌ನಲ್ಲಿ ಪುಡಿ ಸಿಕ್ಕಿ ಒತ್ತಡ ಸೋರಿಹೋಗುತ್ತದೆ. ನನ್ನಿಂದ 5ಕ್ಕೆ 4.