ಮಹಾರಾಜ ಟ್ರೋಫಿ ಲೈವ್ ಅಂತ ಲಿಂಕ್ ಬಂದರೆ ದುಡ್ಡು ಕಟ್ಟಬೇಡಿ

ಮೈಸೂರು ಮಂಡ್ಯ ಕಡೆಯವರೆಲ್ಲ ದಯವಿಟ್ಟು ಓದಿ. "ಕೇಬಲ್ ಬೇಡ, ಡಿಶ್ ಬೇಡ, ವರ್ಷಕ್ಕೆ 599, ಎಲ್ಲಾ ಸ್ಪೋರ್ಟ್ಸ್ ಚಾನೆಲ್" ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಕಳಿಸಿದರೆ ಒಂದು ಪೈಸೆಯನ್ನೂ ಕಟ್ಟಬೇಡಿ. ನನ್ನ ದುಡ್ಡು ಹೋಯಿತು. ದುಡ್ಡಿಗಿಂತ ಜಾಸ್ತಿ ಮರ್ಯಾದೆ ಹೋಯಿತು. ಅದೂ ಭಾವನ ಎದುರಿಗೆ!

2025ರ ಕಥೆ ಗೊತ್ತಲ್ಲ. ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆಮೇಲೆ ನಮ್ಮ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿ ಬೆಂಗಳೂರು ಬಿಟ್ಟು ಮೈಸೂರಿಗೆ ಬಂತು. ಮಾನಸಗಂಗೋತ್ರಿಯ ಒಡೆಯರ್ ಗ್ರೌಂಡ್, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಆದರೆ ಪ್ರೇಕ್ಷಕರಿಲ್ಲದೆ ನಡೆಸುತ್ತೇವೆ ಅಂದುಬಿಟ್ಟರು. 2024ರಲ್ಲಿ ಕಪ್ ಗೆದ್ದವರು ನಮ್ಮ ಮೈಸೂರು ವಾರಿಯರ್ಸ್. ಅವರು ನಮ್ಮೂರಲ್ಲೇ ಆಡುವಾಗ ನಾವು ಒಳಗೆ ಹೋಗುವ ಹಾಗಿರಲಿಲ್ಲ. ಹೊಟ್ಟೆ ಉರಿಯುತ್ತೆ ಅಲ್ವಾ? ಮನೆಯಲ್ಲಿ ಕೇಬಲ್ ತೆಗೆಸಿ ಬಹಳ ದಿನ ಆಗಿತ್ತು.

ಅಷ್ಟರಲ್ಲಿ ನಮ್ಮ ಬಡಾವಣೆಯ ಗುಂಪಿಗೆ ಆ ಮೆಸೇಜ್ ಬಂತು. ಹಾಕಿದವನು ಯಾರೋ ಪರಿಚಯದವನ ಪರಿಚಯದವನು. ಕನ್ನಡದಲ್ಲೇ ಮಾತಾಡಿದ, "ಸರ್ ನಾನೂ ನಮ್ಮೂರವನೇ" ಅಂದ. ಯುಪಿಐನಲ್ಲಿ 599 ಹಾಕಿದೆ. ಒಂದು ಎಪಿಕೆ ಫೈಲ್ ಕಳಿಸಿದ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಫೋನಿಗೆ ಆ್ಯಪ್ ಹಾಕಿಕೊಳ್ಳುವ ಫೈಲು. ಪ್ಲೇ ಸ್ಟೋರ್‌ನಲ್ಲಿ ಯಾಕಿಲ್ಲ ಅಂತ ಕೇಳಿದ್ದಕ್ಕೆ, "ಅಲ್ಲಿ ಹಾಕಿದ್ರೆ ಕಮಿಷನ್ ಕೊಡಬೇಕು ಸರ್, ಅದಕ್ಕೇ ನಿಮಗೆ ಕಮ್ಮಿ ರೇಟು" ಅಂದ. ಕ್ರಿಕೆಟ್ ತೋರಿಸುವ ಆ್ಯಪ್ ಎಸ್ಸೆಮ್ಮೆಸ್ ಓದಲು ಪರ್ಮಿಷನ್ ಕೇಳಿತು. ಅದನ್ನು ಕೊಡಲಿಲ್ಲ, ಪುಣ್ಯಕ್ಕೆ. ಕೊಟ್ಟಿದ್ದರೆ ಬ್ಯಾಂಕಿನ ಒಟಿಪಿಯೂ ಅವನ ಕೈಗೇ.

ಭಾನುವಾರ ಮಂಡ್ಯದಿಂದ ಅಕ್ಕ ಭಾವ ಬಂದಿದ್ದರು. ಭಾವನಿಗೆ ಕ್ರಿಕೆಟ್ ಅಂದರೆ ಪ್ರಾಣ. ನಾನು ದೊಡ್ಡದಾಗಿ ಫೋನನ್ನು ಟಿವಿಗೆ ಹಾಕಿ, "ನೋಡಿ ಭಾವ, ವರ್ಷಕ್ಕೆ 599" ಅಂದೆ. ಮ್ಯಾಚ್ ಬಂತು. ಮೂಲೆಯಲ್ಲಿ ಕೆಂಪಗೆ ಲೈವ್ ಅಂತ ಬರೆದಿತ್ತು. ಮೈಸೂರಿನವರು ಬ್ಯಾಟಿಂಗ್ ಮಾಡುತ್ತಿದ್ದರು, ಸಿಕ್ಸ್ ಮೇಲೆ ಸಿಕ್ಸ್. ನಾನು ಕೂಗಿದ್ದೇ ಕೂಗಿದ್ದು.

ಭಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲಪ್ಪಾ, ಜನಾನೇ ಬಿಡಲ್ಲ ಅಂದ್ರಲ್ಲ. ಇಷ್ಟು ಜನ ಎಲ್ಲಿಂದ ಬಂದ್ರು?"

ಸ್ಟ್ಯಾಂಡ್ ತುಂಬ ಜನ! ಬಾವುಟ ಬೀಸುತ್ತಿದ್ದರು. ಅದು ಒಡೆಯರ್ ಗ್ರೌಂಡೇ ಅಲ್ಲ, ಚಿನ್ನಸ್ವಾಮಿ. ಹಿಂದಿನ ವರ್ಷದ ಮ್ಯಾಚನ್ನು ಲೈವ್ ಅಂತ ಓಡಿಸುತ್ತಿದ್ದರು. ಭಾವ ತಮ್ಮ ಫೋನಿನಲ್ಲಿ ಸ್ಕೋರ್ ತೆಗೆದು ತೋರಿಸಿದರು. ಎದುರಾಳಿ ಟೀಮೇ ಬೇರೆ. ಅಕ್ಕ ಸೆರಗು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ್ಯಪ್ ಕೊಟ್ಟವನಿಗೆ ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಇಲ್ಲಿ ಹಾಗೇ ಹಾಕುತ್ತೇನೆ, ಓದಿ.

"ಸರ್ ಅದು ಬ್ರೇಕ್ ಟೈಮಲ್ಲಿ ಬರೋ ಹೈಲೈಟ್ಸ್."

ಒಂದು ಗಂಟೆ ಬ್ರೇಕಾ ಅಂತ ಕೇಳಿದೆ.

"ಸರ್ವರ್ ಲೋಡ್ ಇದೆ ಸರ್. ನೀವು ಬೇಸಿಕ್ ಐಡಿ ತಗೊಂಡಿದ್ದೀರಾ. ಲೈವ್ ಬೇಕಂದ್ರೆ ಪ್ರೀಮಿಯಂ, 350 ಹಾಕಿ."

ಲೈವ್ ಬೇಕು ಅಂದರೆ ಅಂತೆ! ಮತ್ತೆ ಮೊದಲು ಕೊಟ್ಟಿದ್ದು ಯಾವುದಕ್ಕೆ? ದುಡ್ಡು ವಾಪಸ್ ಕೊಡು ಅಂದೆ. ತಕ್ಷಣ ಒಪ್ಪಿಕೊಂಡ. ಅಷ್ಟು ಬೇಗ ಒಪ್ಪಿದಾಗಲೇ ಅನುಮಾನ ಬಂತು. ಒಂದು ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ರೀಫಂಡ್ ನಿಮ್ಮ ಅಕೌಂಟಿಗೆ ಬರುತ್ತೆ" ಅಂದ. ದುಡ್ಡು ಬರುವುದಕ್ಕೆ ಪಿನ್ ಯಾಕೆ ಬೇಕು? ಯುಪಿಐ ಪಿನ್ ಹಾಕಿದರೆ ನಮ್ಮ ದುಡ್ಡು ಹೋಗುತ್ತೆ, ಬರುವುದಿಲ್ಲ. ಅದನ್ನೇ ಹೇಳಿದೆ.

"599 ರೂಪಾಯಿಗೆ ಇಷ್ಟು ತಲೆ ತಿಂತೀರಲ್ಲ ಸರ್, ಒಳ್ಳೆ ಮನೆತನದವರ ಥರ ಕಾಣ್ತೀರಾ." ಇಷ್ಟು ಹೇಳಿ ಬ್ಲಾಕ್ ಮಾಡಿದ. ಕದ್ದವನು ಅವನು, ಮನೆತನದ ಮಾತು ನನಗೆ!

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ನಿಮಗೆ ಹೀಗಾದರೆ ನಾಳೆ ಮಾಡೋಣ ಅಂತ ಕೂರಬೇಡಿ. ಬೇಗ ಹೇಳಿದಷ್ಟೂ ಅವನ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ನಂಬರ್ ಇಟ್ಟುಕೊಳ್ಳಿ. ಎಪಿಕೆ ಹಾಕಿಕೊಂಡಿದ್ದರೆ ಮೊದಲು ತೆಗೆಯಿರಿ.

ನೋಡಲೇಬೇಕು ಅಂದರೆ 2025ರ ಮಹಾರಾಜ ಟ್ರೋಫಿ ಫ್ಯಾನ್‌ಕೋಡ್ ಆ್ಯಪ್‌ನಲ್ಲಿ ಬಂತು, ಆ ಆ್ಯಪ್ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತೆ. ಪ್ರೊ ಕಬಡ್ಡಿಗೆ ಜಿಯೋ ಹಾಟ್‌ಸ್ಟಾರ್ ಇದೆ. ಕಬಡ್ಡಿ ಯಾಕೆ ಹೇಳಿದೆ ಅಂದರೆ, ಅದೇ ಮನುಷ್ಯ ಈಗ ಬೇರೆ ಹೆಸರು, ಬೇರೆ ನಂಬರ್ ಇಟ್ಟುಕೊಂಡು ಬೆಂಗಳೂರು ಬುಲ್ಸ್ ಕಬಡ್ಡಿ ಟೀಮಿನ ಅಭಿಮಾನಿಗಳಿಗೆ "ಬುಲ್ಸ್ ಫ್ಯಾನ್ಸ್ ಸ್ಪೆಷಲ್ ಪ್ಯಾಕ್" ಅಂತ ಶುರು ಮಾಡಿದ್ದಾನೆ. ಅದೇ "ನಾನೂ ನಮ್ಮೂರವನೇ" ಮಾತು, ಅದೇ 599. ನಿಮ್ಮ ಗುಂಪಿಗೂ ಬಂದಿದ್ದರೆ ಅಡ್ಮಿನ್‌ಗೆ ಹೇಳಿ ಇವತ್ತೇ ತೆಗೆಸಿ.